ಓರ್ಸಾಳಿಗೆ ಎರಡು ಸ್ಟಾರ್

ಗುರುಶಾಂತವ್ವನ ಮೂಗಿನ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚಿನ ಕನ್ನಡದವರು ಅವಳ ಬಾಯಿಗಿಂತ ಹೆಚ್ಚು ಹೆದರುತ್ತಿದ್ದದ್ದು ಆ ಮೂಗಿಗೆ. ದೊಡ್ಡದೇನಲ್ಲ, ಎಲ್ಲರಿಗೂ ಇರುವಂಥದ್ದೇ. ಆದರೆ ಏನಾದರೂ ಅವಳಿಗೆ ಹಿಡಿಸಲಿಲ್ಲವೆಂದರೆ ಮೂಗುತಿಯ ಕಡೆಯ ಹೊಳ್ಳೆ ಮೊದಲು ಮೇಲೇಳುತ್ತಿತ್ತು, ಆಮೇಲೆ ತುಟಿ ಬಿಗಿಯುತ್ತಿತ್ತು, ಕೊನೆಗೆ ಒಂದು “ಥೂ” ಹೊರಬೀಳುತ್ತಿತ್ತು. ಅಂಗಡಿಯ ರೊಟ್ಟಿಯನ್ನು ತಾವೇ ಬಡಿದದ್ದೆಂದು ಹೇಳುವವರನ್ನು ಕಂಡರೆ ಥೂ. ಫೋಟೋ ತೆಗೆಯುವವರೆಗೂ ಹಸಿದವರನ್ನು ತಟ್ಟೆಯ ಮುಂದೆ ಕೂರಿಸುವವರನ್ನು ಕಂಡರೆ ಥೂ. ಒಮ್ಮೆ ಯಾರದೋ ಗೃಹಪ್ರವೇಶದಲ್ಲಿ ಎಲ್ಲರೂ ಅಡುಗೆಮನೆಯ ಗ್ರಾನೈಟ್ ನೋಡಿ “ವಾವ್, ವಾವ್” ಅನ್ನುತ್ತಿದ್ದಾಗ ಇವಳು ಸಿಂಕಿನ ಅಂಚಿನಲ್ಲಿ ಬೆರಳಾಡಿಸಿ, “ಇಲ್ಲಿ ಸಂದು ಬಿಟ್ಟೈತಿ, ನೀರು ಇಳೀತೈತಿ ನೋಡ್ರಿ” ಅಂದಿದ್ದಳು. ಮರುವರ್ಷ ಕೆಳಗಿನ ಮರವೆಲ್ಲ ಉಬ್ಬಿ ಬಾಗಿಲು ಕೂರದಂತಾಯಿತು. ಆ ಮನೆಯವರು ಈಗಲೂ ಅವಳೊಡನೆ ಸರಿಯಾಗಿ ಮಾತಾಡುವುದಿಲ್ಲ, ಅದೇ ಸಂದಿನಿಂದ ಇವಳೇ ನೀರು ಸುರಿದು ಬಂದಿದ್ದಳೇನೋ ಎಂಬಂತೆ.

ಅವಳ ಹೊಟ್ಟೆಪಾಡೂ ಇದೇ. ಪಕ್ಕದ ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ ವಿಮಾನದ ಬಿಡಿಭಾಗಗಳ ಕಂಪನಿಯೊಂದರಲ್ಲಿ ಕ್ವಾಲಿಟಿ ಇಂಜಿನಿಯರ್. ಹೊರಗಿನಿಂದ ಬಂದ ಮಾಲನ್ನು ಪರೀಕ್ಷಿಸಿ, ಸರಿಯಿಲ್ಲದ್ದಕ್ಕೆ ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸುವುದು ಕೆಲಸ. ಮುದ್ದೇಬಿಹಾಳದಲ್ಲಿ ಹುಟ್ಟಿ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದಿ, ನೀಲಕಂಠಪ್ಪನನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗಿನಿಂದ ಅವಳು ಅದೆಷ್ಟು ಕೆಂಪು ಚೀಟಿ ಕಟ್ಟಿದ್ದಾಳೋ ಆ ಶಿವನಿಗೇ ಗೊತ್ತು. ಸ್ವಂತ ಗೆಳತಿಯ ಗಂಡನ ಮಾಲಿಗೂ ಕಟ್ಟಿದವಳು. ಆ ಗಂಡ ಬಾಬಾಜಾನ್, ಮೈಸೂರಿನ ಲಷ್ಕರ್ ಮೊಹಲ್ಲಾದವನು, ಲಾಸ್ ಏಂಜಲೀಸ್ ಆಚೆಯ ಚಾಟ್ಸ್‌ವರ್ತ್‌ನಲ್ಲಿ ಲೋಹದ ಬಿಡಿಭಾಗ ಕಡೆಯುವ ಸಣ್ಣದೊಂದು ಮಷೀನ್ ಶಾಪ್ ಇಟ್ಟವನು. ಅವನ ಶಾಪಿನಿಂದ ಬಂದ ಒಂದು ಇಡೀ ಪೆಟ್ಟಿಗೆಯನ್ನು ಇವಳು ಮುಲಾಜಿಲ್ಲದೆ ತಿರುಗಿಸಿ ಕಳಿಸಿದ್ದಳು. ಅವನು ಬೈದ, ಅವನ ಹೆಂಡತಿ ಅಖ್ತರಿ ಬೇಗಮ್ ನಕ್ಕಳು, ಮುಂದಿನ ಈದ್‌ಗೆ ಎಂದಿನಂತೆ ಶೀರ್ ಖುರ್ಮಾ ಬಂತು. ಲೋಹದ ವಿಷಯದಲ್ಲಿ ಸ್ನೇಹ ಅಷ್ಟು ಗಟ್ಟಿಯಾಗಿತ್ತು.

ಗುರುಶಾಂತವ್ವ ಸ್ಯಾನ್ ಡಿಯೇಗೋಕ್ಕೆ ಬರುವ ಮೊದಲು ಅಖ್ತರಿಯೂ ಅವಳೂ ಚಾಟ್ಸ್‌ವರ್ತ್‌ನ ಒಂದು ಹಳೇ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಬಾಗಿಲಿನವರಾಗಿದ್ದರು. ಗುರುಶಾಂತವ್ವನಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಮಾತಾಡುವುದಿಲ್ಲ, ನಾವೂ ಬೇಡ. ಅಖ್ತರಿಯ ಮಗಳು ಫಲಕ್ ಮಾತ್ರ ಅಂಬೆಗಾಲಿಡುವಾಗಿನಿಂದ ಇವಳ ಮನೆಯಲ್ಲೇ ಬಿದ್ದಿರುತ್ತಿದ್ದಳು. ಆ ಊರಿರುವ ಕಣಿವೆಯ ಬೇಸಿಗೆಯೋ, ರಾಮ ರಾಮಾ, ಕಾರಿನ ಹಿಡಿ ಮುಟ್ಟಿದರೆ ಕೈ ಸುಡುತ್ತಿತ್ತು. ಇದ್ದದ್ದು ಕಿಟಕಿಗೆ ಹಾಕಿದ ಒಂದೇ ಎಸಿ. ಹುಡುಗಿ ಒಳಗೆ ಓಡುವುದು, ಹೊರಗೆ ಓಡುವುದು, ಬಾಗಿಲು ಹಾರುಹೊಡೆದು ಬಿಡುವುದು. “ಬಾಗಲಾ ಹಾಕ್ ಕೂಸ! ಗಾಳಿ ಎಲ್ಲಾ ಹೊರಗ ಹೊಂಟತಿ!” ಎಂದು ಗುರುಶಾಂತವ್ವ ದಿನವಿಡೀ ಅರಚುತ್ತಿದ್ದಳು. ಅಖ್ತರಿಯ ಅಡುಗೆಮನೆಯಲ್ಲಿ ಆಗಿನಿಂದಲೂ ಮೇಲಿನ ಹಲಗೆಯ ಮೇಲೆ ಒಂದು ಸ್ಟೀಲ್ ಪಾತ್ರೆ ಬೇರೆ ಇದೆ. ಮಾಂಸ ಸೋಕದ್ದು, ಬೇರೆ ಯಾರಿಗೂ ಬಳಸದ್ದು. ಮನೆಯವರೆಲ್ಲ ಅದನ್ನು ‘ಗುರಕ್ಕನ ಪಾತ್ರೆ’ ಎನ್ನುತ್ತಾರೆ.

ಇನ್ನು ಅವಳ ಓದು. ಈ ಹೆಂಗಸು ಏನು ಓದುತ್ತಾಳೆಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ವಚನ ಓದುತ್ತಾಳೆ, ಅದು ಸರಿ. ಅದು ಬಿಟ್ಟರೆ ಓದುವುದು ಆಕಾಶದಲ್ಲಿ ನಡೆಯುವ ಯುದ್ಧದ ಕಾದಂಬರಿಗಳು. ಲೈಬ್ರರಿಯವರು ಹಳೇ ಪುಸ್ತಕ ಮಾರುವಾಗ ಒಮ್ಮೆ ಕೈಗೆ ಸಿಕ್ಕಿದ್ದು, ಆಮೇಲೆ ಚಟವೇ ಆಗಿಹೋಯಿತು. ಗ್ರಹದಿಂದ ಗ್ರಹಕ್ಕೆ ಹಾರುವ ಯುದ್ಧನೌಕೆಗಳು, ಅಡ್ಮಿರಲ್‌ಗಳು, ಕ್ಷಿಪಣಿಗಳು. ಗಂಡ ನೀಲಕಂಠಪ್ಪ, “ಈ ವಯಸ್ಸಿನಾಗ ಇದೇನ್ ಓದ್ತಿ?” ಎಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು. “ಗುಂಡು ಹಾರಿಸೋದು ಯಾರರೆ ಬರೀತಾರ್ರಿ. ಅಷ್ಟು ಮಂದಿಗೆ ನೀರು, ಗಾಳಿ, ಊಟ ಹೆಂಗ ಮುಟ್ಟಸ್ತಾರ ಅನ್ನೋದನ್ನ ಬರದವ್ರು ಖರೇ ಬರದವ್ರು.”

ಇಂಥವಳ ಕೈಗೆ 2020ರ ಕೊನೆಯಲ್ಲಿ ಫಲಕ್ ಬರೆದ ಕಾದಂಬರಿ ಬಂತು. ಎತ್ತಿ ಆಡಿಸಿದ ಕೂಸು ಇಂಗ್ಲಿಷಿನಲ್ಲಿ, ಅದೂ ಆಕಾಶಯುದ್ಧದ ಪುಸ್ತಕ ಬರೆದಿದೆಯೆಂದರೆ! ಹೆಮ್ಮೆಯಾಯಿತು, ಜೊತೆಗೆ ಅನುಮಾನವೂ ಆಯಿತು. ಕೆಂಪು ಚೀಟಿಯನ್ನು ಮನಸ್ಸಿನಲ್ಲೇ ಸಿದ್ಧಮಾಡಿಕೊಂಡು ಓದಲು ಕೂತಳು. ಕೂತವಳು ಏಳಲಿಲ್ಲ.

ಸ್ಯಾಂಡ್‌ಪೈಪರ್ ಎಂಬ ಹಳೇ ಯುದ್ಧನೌಕೆ. ಅದರ ಉಗ್ರಾಣ ನೋಡಿಕೊಳ್ಳುವ ಓರ್ಸಾ ಎಂಬ ಮುದುಕಿ. ಕೆಟ್ಟ ಬಾಯಿ, ಕೆಟ್ಟ ಸಿಟ್ಟು, ಯಾರನ್ನೂ ಹೊಗಳಿದವಳಲ್ಲ. ಶತ್ರು ಬೆನ್ನು ಹತ್ತಿರುವಾಗ ಕ್ಯಾಪ್ಟನ್ ಕೂಗಾಡುತ್ತಿದ್ದರೂ, ಗಾಳಿ ಸೋರದಂತೆ ಬಾಗಿಲಿಗೆ ಹಾಕುವ ರಬ್ಬರ್ ಸೀಲುಗಳು ಸರಿಯಿಲ್ಲವೆಂದು ಹೊರಗೆ ಎಸೆಯಿಸುತ್ತಾಳೆ. ಕೊನೆಯ ಪುಟದಲ್ಲಿ ನೌಕೆಯ ಒಂದು ಭಾಗ ಒಡೆದಾಗ, ಎರಡೂ ಕಡೆಯಿಂದ ಹಾಕಬೇಕಾದ ಬಾಗಿಲಿನ ಒಡೆದ ಬದಿಗೆ ಅವಳೇ ಹಿಂದೆ ಉಳಿಯುತ್ತಾಳೆ. ಆಚೆ ನಿಂತು ಅಳುವ, ತನ್ನ ಕೈಕೆಳಗಿನ ಹುಡುಗಿಗೆ ಒಂದು ಒಳ್ಳೆಯ ಮಾತೂ ಇಲ್ಲ. “ಬಾಗಿಲು ಹಾಕು ಹುಡುಗಿ, ಗಾಳಿ ಹೋಗ್ತಿದೆ” ಎಂದು ಗದರಿಸಿ ಸಾಯುತ್ತಾಳೆ.

ಗುರುಶಾಂತವ್ವ ಪೊವೇಯ ಆಫೀಸಿನ ಊಟದ ಕೋಣೆಯಲ್ಲಿ, ಡಬ್ಬಿಯ ಬುತ್ತಿ ಹಾಗೇ ಇಟ್ಟು, ಗಳಗಳನೆ ಅತ್ತುಬಿಟ್ಟಳು. ಹೆಣ್ಣೆಂದರೆ ಇವಳು ಎಂದುಕೊಂಡಳು. ಈ ಓರ್ಸಾಳನ್ನು ಎಲ್ಲೋ ನೋಡಿದ್ದೇನೆ ಎಂದು ಅವಳಿಗೆ ಒಂದು ಸಲವೂ ಅನ್ನಿಸಲಿಲ್ಲ. ಓದುಗರು ಅಭಿಪ್ರಾಯ ಬರೆಯುವ ಸೈಟಿನಲ್ಲಿ ಉದ್ದಕ್ಕೆ ಬರೆದು, ನಾಲ್ಕು ಸ್ಟಾರ್ ಕೊಟ್ಟಳು. ಐದನೆಯದನ್ನು ಅವಳು ಜನ್ಮದಲ್ಲಿ ಯಾವುದಕ್ಕೂ ಕೊಟ್ಟವಳಲ್ಲ.

ಅದೇ ಚಳಿಗಾಲ ಅವಳಿಗೆ ಕೊರೋನಾ ಬಂತು. ಜನವರಿಯಲ್ಲಿ ಆಸ್ಪತ್ರೆ ಸೇರಿ, ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡು, ಇವತ್ತೋ ನಾಳೆಯೋ ಅನ್ನುವಂತಾಗಿ, ಹೇಗೋ ಬದುಕಿ ಬಂದಳು. ಮನೆಗೆ ಬಂದ ದಿನ ಮೊದಲು ಆಡಿದ ಮಾತು ಆಸ್ಪತ್ರೆಯ ಓಟ್ಸ್ ಗಂಜಿಯ ಮೇಲಿನ ದೂರು. ಅದನ್ನು ಕೇಳಿ ನೀಲಕಂಠಪ್ಪ ದೇವರ ಕೋಣೆಗೆ ಹೋಗಿ ಕೈ ಮುಗಿದ.

ಎರಡು ವರ್ಷದ ಮೇಲೆ, 2023ರಲ್ಲಿ, ಎರಡನೇ ಭಾಗ ಬಂತು. ಶನಿವಾರ ಬೆಳಗ್ಗೆ ಚಹಾ ಮಾಡಿಕೊಂಡು ಹಬ್ಬಕ್ಕೆ ಕೂತಂತೆ ಕೂತಳು ಗುರುಶಾಂತವ್ವ. ಐವತ್ತು ಪುಟ ದಾಟುವುದರೊಳಗೆ ಮೂಗಿನ ಹೊಳ್ಳೆ ಎದ್ದಿತು. ಓರ್ಸಾ ಸತ್ತಿಲ್ಲವಂತೆ! ಉಗ್ರಾಣದ ಮೂಲೆಯಲ್ಲಿ ಪುಟ್ಟದೊಂದು ಪಾರುನೌಕೆ ಇತ್ತಂತೆ, ಅದರಲ್ಲಿ ಕೂತು ತಪ್ಪಿಸಿಕೊಂಡಳಂತೆ. ಉಗ್ರಾಣದಲ್ಲಿ ಏನೇನಿದೆ ಎಂದು ಮೊದಲ ಭಾಗದಲ್ಲಿ ಮೂರು ಪುಟ ಓದಿದವಳಿಗೆ ಈ ಮಾತು ಹೇಳುತ್ತಾರೆಯೇ? ಹೋಗಲಿ, ಬದುಕಿದಳು, ಬದುಕಲಿ. ಬದುಕಿ ಬಂದವಳು ಓರ್ಸಾ ಆಗಿದ್ದರಲ್ಲವೇ! ಈ ಹೊಸ ಮುದುಕಿ ಎಲ್ಲರ ತಲೆ ಸವರುತ್ತಾಳೆ. ಸಿಪಾಯಿಗಳಿಗೆ ಸೂಪ್ ಕುಡಿಸುತ್ತಾಳೆ. ಹೆಜ್ಜೆಗೊಂದು ಉಪದೇಶ. ಯಾರೋ ಕಳಪೆ ಸೀಲು ತಂದರೆ, “ಪರವಾಗಿಲ್ಲ ಮಗು, ಎಲ್ಲರೂ ತಪ್ಪು ಮಾಡುತ್ತಾರೆ” ಎಂದು ಅಪ್ಪಿಕೊಳ್ಳುತ್ತಾಳೆ. ಕೊನೆಗೆ ಶತ್ರುಗಳ ಇಡೀ ಪಡೆ ಅವಳ ಭಾಷಣ ಕೇಳಿ ಕಣ್ಣೀರು ಸುರಿಸಿ ಆಯುಧ ಕೆಳಗಿಡುತ್ತದೆ.

“ಥೂ! ಹೇಸಿಗಿ!” ಎಂದು ಗುರುಶಾಂತವ್ವ ಪುಸ್ತಕವನ್ನು ಸೋಫಾದ ಮೇಲೆ ಒಗೆದಳು. ಸಕ್ಕರೆ ಪಾಕದಲ್ಲಿ ಬಿದ್ದ ನೊಣವನ್ನು ಬಾಯಿಗಿಟ್ಟುಕೊಂಡವಳ ಹಾಗೆ ಮುಖ ಕಿವುಚಿದಳು. ಕಳಪೆ ಸೀಲಿಗೆ ಪರವಾಗಿಲ್ಲವಂತೆ! ಪಕ್ಕದ ಕೋಣೆಯಿಂದ ನೀಲಕಂಠಪ್ಪ ಓಡಿ ಬಂದ, ಹಲ್ಲಿ ಬಿತ್ತೇನೋ ಎಂದುಕೊಂಡು.

ಇನ್ನು ಬಸವ ಜಯಂತಿಯ ಊಟದ ಕಥೆ. ಪೊವೇಯ ಒಂದು ಹಾಲ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದರು. ಎಣ್ಣೆಗಾಯಿ, ಮಾದಲಿ, ಶೇಂಗಾ ಹಿಂಡಿ. ಅಖ್ತರಿ ಚಾಟ್ಸ್‌ವರ್ತ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು, ಮಗಳ ಪುಸ್ತಕಗಳನ್ನು ಎದೆಗವಚಿಕೊಂಡು ಬಂದಿದ್ದಳು. ಫಲಕ್ ನಾಚಿಕೊಂಡು ಮನೆಯಲ್ಲೇ ಉಳಿದಿದ್ದಳು. ವಚನಗಾಯನ ಮುಗಿದು ಊಟಕ್ಕೆ ಏಳುವ ಹೊತ್ತಿಗೆ ಕನ್ನಡ ಕೂಟದ ಅಧ್ಯಕ್ಷ ಬಸವಪ್ರಸಾದ್ ಮೈಕ್ ಹಿಡಿದ. ಬೆಂಗಳೂರಿನವನು, ಸೆಮಿಕಂಡಕ್ಟರ್ ಕಂಪನಿಯಲ್ಲಿ ಮ್ಯಾನೇಜರ್, ಒಳ್ಳೆಯ ಹುಡುಗ, ಆದರೆ ಉತ್ಸಾಹ ಜಾಸ್ತಿ.

“ನಮ್ಮ ಕನ್ನಡದ ಹುಡುಗಿ ನಾವೆಲ್ ಬರೆದಿದಾಳೆ. ನಾವು ಸಪೋರ್ಟ್ ಮಾಡದೆ ಇನ್ಯಾರು ಮಾಡ್ತಾರೆ? ಗ್ರೂಪಲ್ಲಿ ಲಿಂಕ್ ಹಾಕಿದೀನಿ. ಐದು ಸ್ಟಾರ್ ಒತ್ತಿ, ನಾನು ಕಳಿಸಿರೋ ಮೆಸೇಜ್ ಕಾಪಿ ಪೇಸ್ಟ್ ಮಾಡಿ. ಹಾಲ್ ವೈಫೈ ಎಲ್ಲರಿಗೂ ಇದೆ. ಈಗಲೇ ಮಾಡಿಬಿಡೋಣ, ಆಮೇಲೆ ಹೋಳಿಗೆ!”

ಹೋಳಿಗೆ ಎಂದಮೇಲೆ ಕೇಳಬೇಕೆ? ಹಾಲ್ ತುಂಬ ತಲೆಗಳು ಫೋನಿನ ಮೇಲೆ ಬಾಗಿದವು. ಗುರುಶಾಂತವ್ವ ಮೆಸೇಜ್ ತೆರೆದು ಓದಿದಳು. ‘ಅದ್ಭುತ ಕಾದಂಬರಿ. ಮನೆಮಂದಿಯೆಲ್ಲ ಕೂತು ಓದಬಹುದಾದ ಕಥೆ. ಮಕ್ಕಳಿಗೆ ಒಳ್ಳೆಯ ಸಂಸ್ಕಾರ ಕಲಿಸುತ್ತದೆ.’ ಅಲ್ಲ, ಮೊದಲ ಅಧ್ಯಾಯದಲ್ಲೇ ಒಂದಿಡೀ ಗ್ರಹ ಸುಟ್ಟು ಬೂದಿಯಾಗುತ್ತದೆ. ಯಾವ ಸಂಸ್ಕಾರ? ಪಕ್ಕದಲ್ಲಿದ್ದ ಸೌಜನ್ಯಾ, “ಆಂಟಿ, ನಾನು ನನ್ನ ಮಗನ ಅಕೌಂಟಿಂದಾನೂ ಹಾಕ್ದೆ” ಎಂದು ಹೆಮ್ಮೆಯಿಂದ ತೋರಿಸಿದಳು. ‘ಪ್ಯಾಕಿಂಗ್ ಚೆನ್ನಾಗಿತ್ತು’ ಎಂದು ತನ್ನ ಕಡೆಯಿಂದ ಒಂದು ಸಾಲು ಬೇರೆ ಸೇರಿಸಿದ್ದಳು.

ಬಸವಪ್ರಸಾದ್ ಹತ್ತಿರ ಬಂದ. “ಆಂಟಿ, ನಿಮ್ದಾಯ್ತಾ?”

“ನೀ ಓದೀಯೇನಪಾ ಇದನ್ನ?”

“ಟೈಮ್ ಎಲ್ಲಿ ಆಂಟಿ? ನಮ್ಮ ಹುಡುಗಿ ಅಂತ...”

“ಓದಲಾರದ ಛಲೋ ಐತಿ ಅಂತ ಹೆಂಗ ಬರೀತಿ? ನಾಳೆ ನಿಮ್ಮ ಕಂಪನ್ಯಾಗ ಚಿಪ್ ಟೆಸ್ಟ್ ಮಾಡಲಾರದ ಪಾಸ್ ಮಾಡ್ತೀಯೇನು?”

“ಅಯ್ಯೋ, ಅದೇ ಬೇರೆ ಇದೇ ಬೇರೆ ಬಿಡಿ ಆಂಟಿ.”

“ಎರಡೂ ಒಂದೇ. ನನ್ನ ಹೆಸರು ಇದಕ್ಕ ಹಚ್ಚಬ್ಯಾಡ.” ದನಿ ಕೊಂಚ ಏರಿತ್ತು. ಮೂಗೂ ಏರಿತ್ತು. ಸುತ್ತಲಿನವರು ಫೋನಿನಿಂದ ತಲೆ ಎತ್ತಿದರು. ಅಖ್ತರಿಗೂ ಕೇಳಿಸಿತು. ಅವಳು ನಗುತ್ತಲೇ ಹತ್ತಿರ ಬಂದು, ಎಲ್ಲರೆದುರು ಕೇಳಿಬಿಟ್ಟಳು.

“ಗುರಕ್ಕ, ನೀನೊಬ್ಬಳಾದ್ರೂ ಓದಿದೀಯಲ್ಲ. ಹೇಳು, ಹೇಗಿದೆ?”

ಗುರುಶಾಂತವ್ವ ಗೆಳತಿಯನ್ನು ನೋಡಿದಳು. ಅಖ್ತರಿ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು, ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಕೊನೆಗೆ ಇವಳು ಹೇಳಿದ್ದು, “ಮೊದಲನೇದು ಭಾಳ ಛಲೋ ಇತ್ತು.”

ಅಖ್ತರಿಯ ನಗು ಅಲ್ಲೇ ನಿಂತಿತು. ಆಮೇಲೆ ಅವಳು ಹೋಳಿಗೆಯನ್ನೂ ತಿನ್ನದೆ, ದೂರ ಹೋಗಬೇಕು ಎಂದು ಹೇಳಿ ಹೊರಟುಹೋದಳು.

ಮನೆಗೆ ಬಂದವಳೇ ಗುರುಶಾಂತವ್ವ ಕಂಪ್ಯೂಟರ್ ಮುಂದೆ ಕೂತಳು. ಸೈಟು ತೆರೆದಳು. ನೋಡಿದರೆ ಒಂದೇ ಮಾತು, ಒಂದರ ಕೆಳಗೊಂದು, ಗೊತ್ತಿರುವ ಹೆಸರುಗಳಿಂದ. ಅದ್ಭುತ, ಸಂಸ್ಕಾರ. ಅದ್ಭುತ, ಸಂಸ್ಕಾರ. ನಡುವೆ ಅಲ್ಲೊಬ್ಬ ಇಲ್ಲೊಬ್ಬ ನಿಜವಾದ ಓದುಗ. ಓಹಾಯೋದ ಒಬ್ಬ ನಿವೃತ್ತ ನಾವಿಕ ಕ್ಷಿಪಣಿಗಳ ವೇಗದ ಬಗ್ಗೆ ಜಗಳ ತೆಗೆದಿದ್ದ. ಇನ್ನೊಬ್ಬಳು, ಓರ್ಸಾ ಯಾಕೆ ಹೀಗಾದಳು ಎಂದು ಒಂದೇ ಸಾಲು ಬರೆದಿದ್ದಳು. ಆ ಸಾಲು ನೋಡಿ ಇವಳ ಕೈ ತಡೆಯಲಿಲ್ಲ. ಕೂತು ಬರೆದಳು.

‘ಮೊದಲ ಭಾಗದ ಓರ್ಸಾ ಯಾರನ್ನೂ ಹೊಗಳಲಿಲ್ಲ, ಅದಕ್ಕೇ ಅವಳನ್ನು ನಂಬಿದೆವು. ಈ ಪುಸ್ತಕದಲ್ಲಿ ಅವಳ ಹೆಸರು ಹೊತ್ತು ತಿರುಗುವವಳು ಯಾರೋ ನನಗೆ ತಿಳಿಯದು. ಕಳಪೆ ಸೀಲನ್ನು ಕ್ಷಮಿಸುವ ಓರ್ಸಾ ಓರ್ಸಾ ಅಲ್ಲ. ಸತ್ತವಳನ್ನು ಎಬ್ಬಿಸಿ ಜೇನುತುಪ್ಪ ಸುರಿದಿದ್ದಾರೆ. ಇದನ್ನು ಬರೆದವಳಿಗೆ ಓರ್ಸಾಳ ಮೇಲೆ ಗೌರವವಿಲ್ಲ. ಎರಡು ಸ್ಟಾರ್, ಅದೂ ಮೊದಲ ಭಾಗದ ನೆನಪಿಗೆ.’

ಒತ್ತಿದಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೇ ಮುಗಿಯುವ ಹೊತ್ತಿಗೆ ಕೂಟದ ಸ್ಟಾರುಗಳೆಲ್ಲ ಮಾಯವಾದವು. ಒಂದೇ ದಿನ, ಒಂದೇ ಹಾಲ್‌ನಿಂದ, ಒಂದೇ ಒಕ್ಕಣೆಯಲ್ಲಿ ಅಷ್ಟು ಅಭಿಪ್ರಾಯ ಬಂದರೆ ಯಾವ ಸೈಟಿನವರು ಸುಮ್ಮನಿರುತ್ತಾರೆ? ಅಳಿಸಿ ಹಾಕಿದರು. ಪುಸ್ತಕದ ಪುಟದ ಮೇಲೆ, ಇಲ್ಲಿ ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದೆ ಎಂಬ ಒಂದು ಪಟ್ಟಿಯನ್ನೂ ಅಂಟಿಸಿದರು. ಅಪರಿಚಿತ ಓದುಗರು ಕುಟುಕತೊಡಗಿದರು, ಲೇಖಕಿ ಸ್ಟಾರ್ ಕೊಂಡುಕೊಂಡಿದ್ದಾಳೆ ಎಂದು. ಗುರುಶಾಂತವ್ವನ ಎರಡು ಸ್ಟಾರ್ ಮಾತ್ರ ಪುಟದ ತಲೆಯ ಮೇಲೆ ಕೂತಿತು.

ಅಖ್ತರಿಯ ಫೋನ್ ಬಂತು. ಸಲಾಮಿಲ್ಲ, ನಮಸ್ಕಾರವಿಲ್ಲ.

“ಗುರಕ್ಕ, ಕಂಪ್ಲೇಂಟ್ ಕೊಟ್ಟಿದ್ದು ನೀನಾ?”

“ನಾ ಯಾಕ ಕೊಡ್ಲಿ?”

“ಎಲ್ಲಾರದ್ದೂ ಹೋಯ್ತು. ನಿಂದೊಂದೇ ಹೇಗೆ ಉಳೀತು?”

“ನಾ ಓದೀನಿ. ಅದಕ್ಕ ಉಳದೈತಿ.”

ಮಾತು ಸತ್ಯವೇ. ಆದರೆ ಆಡುವ ಹೊತ್ತೇ ಅದು? ಆ ಕಡೆ ಅಖ್ತರಿಯ ಉಸಿರು ಜೋರಾಗಿ ಕೇಳಿಸಿತು.

“ಯಾ ಅಲ್ಲಾ! ಜನ ನನ್ನ ಮಗಳನ್ನ ಕಳ್ಳಿ ಅಂತಿದಾರೆ. ರೂಮಿಂದ ಆಚೆ ಬರ್ತಿಲ್ಲ ಅವಳು, ಗೊತ್ತಾ ನಿಂಗೆ? ನೀನು ಎತ್ತಿ ಆಡಿಸಿದ ಮಗು. ಅವಳಿಗೆ ಗೌರವ ಇಲ್ಲ ಗೀರವ ಇಲ್ಲ ಅಂತ ಊರಿಗೆಲ್ಲ ಕಾಣೋ ಹಾಗೆ ಬರೀತೀಯಾ? ತೆಗಿ ಅದನ್ನ. ತೆಗೀದೆ ನನ್ನ ಮನೆ ಹೊಸ್ತಿಲು ತುಳೀಬೇಡ.”

ಬಕ್ರೀದ್ ಬಂತು, ಹೋಯಿತು. ಕರೆಯಲಿಲ್ಲ. ಇಷ್ಟು ವರ್ಷಗಳಲ್ಲಿ, ಆಸ್ಪತ್ರೆಯಿಂದ ಬಂದ ವರ್ಷವೂ ಸೇರಿ, ಗುರಕ್ಕನ ಪಾತ್ರೆ ಹಲಗೆಯಿಂದ ಇಳಿಯದ ಈದ್ ಅದೇ ಮೊದಲು. ಗುರುಶಾಂತವ್ವ ಅಂದು ಆಫೀಸಿನಲ್ಲಿ ಸಿಕ್ಕಸಿಕ್ಕ ಪೆಟ್ಟಿಗೆಗೆಲ್ಲ ಕೆಂಪು ಚೀಟಿ ಕಟ್ಟಿದಳು.

“ಎರಡರ ಜಾಗಾದಾಗ ನಾಕು ಒತ್ತು, ಮುಗದು ಹೋತು. ಏನ್ ಗಂಟು ಹೋಗತೈತಿ?” ಎಂದ ನೀಲಕಂಠಪ್ಪ.

ಆಗಸ್ಟಿನ ಒಂದು ಶನಿವಾರ ಅವಳು ಕಂಪ್ಯೂಟರ್ ಮುಂದೆ ಕೂತಳು ಕೂಡ. ಅಭಿಪ್ರಾಯ ಅಳಿಸುವ ಗುಂಡಿ ಒತ್ತಿದಳು. ‘ಖಂಡಿತವಾಗಿಯೂ ಅಳಿಸಬೇಕೇ?’ ಎಂದು ಪರದೆ ಕೇಳಿತು. ಪರದೆಯ ಮೇಲೆ ಕಾಣುತ್ತಿದ್ದ ತನ್ನ ಮುಖದಲ್ಲಿ ಮೂಗು ಮೇಲೆದ್ದದ್ದನ್ನು ನೋಡಿದಳು. ಅಳಿಸಿದರೆ ಅಖ್ತರಿ ಸಿಗುತ್ತಾಳೆ, ಫಲಕ್ ಸಿಗುತ್ತಾಳೆ. ಅಳಿಸಿದವಳು ಮಾತ್ರ, ಕೂಟದ ಹಾಲ್‌ನಲ್ಲಿ ತಲೆ ಬಾಗಿಸಿ ಫೋನ್ ಒತ್ತಿದವರ ಸಾಲಿಗೆ ಸೇರುತ್ತಾಳೆ. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು. ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಹೋಗಿ, ಫಲಕ್‌ಗೆ ಪ್ರಾಣವಾದ ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟತೊಡಗಿದಳು.

ಮರುದಿನ ಭಾನುವಾರ ಡಬ್ಬಿ ಹಿಡಿದು ಹೊರಟಾಗ ನೀಲಕಂಠಪ್ಪ, “ನಾನೂ ಬರ್ಲ್ಯಾ?” ಅಂದ.

“ಬ್ಯಾಡ್ರಿ. ನೀವು ಬಂದ್ರ ನನ್ನ ಪರವಾಗಿ ಕ್ಷಮಾ ಕೇಳ್ತೀರಿ.”

ಲಾಸ್ ಏಂಜಲೀಸ್ ದಾಟಿ ಚಾಟ್ಸ್‌ವರ್ತ್ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ಸೀಳುತ್ತಿತ್ತು. ಬೆಲ್ ಒತ್ತಿದಳು. ಅಖ್ತರಿ ಬಾಗಿಲು ತೆರೆದಳು, ಆದರೆ ಬಾಗಿಲಿಗೆ ಅಡ್ಡವಾಗಿ ನಿಂತಳು. ಒಳಗಿನ ತಣ್ಣನೆ ಗಾಳಿ ಅವಳ ಎರಡೂ ಪಕ್ಕದಿಂದ ಹರಿದು ಬಂದು ಗುರುಶಾಂತವ್ವನ ಮುಖಕ್ಕೆ ತಾಗಿತು.

“ತೆಗೆದ್ಯಾ ಅದನ್ನ?”

“ಇಲ್ಲ.”

“ಮತ್ತೆ ಯಾಕೆ ಬಂದೆ?”

“ಕೂಸಿನ ಜೋಡಿ ಮಾತಾಡಬೇಕು. ಒಳಗ ಬರೂದಿಲ್ಲ. ಇಲ್ಲೇ ನಿಂದರ್ತೀನಿ.”

ಅಖ್ತರಿ ಇನ್ನೇನೋ ಅನ್ನುವಷ್ಟರಲ್ಲಿ ಹಿಂದಿನಿಂದ ಫಲಕ್ ಬಂದಳು. ಸೊರಗಿದ್ದಳು. ಕೂದಲು ಬಾಚಿರಲಿಲ್ಲ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲು ತಾಯಿಗೆ ಹೇಳಿದಳು. ಅಮ್ಮಿ, ಆಂಟಿ ಏನೂ ಮಾಡಿಲ್ಲ, ಯಾರೂ ದೂರು ಕೊಟ್ಟಿಲ್ಲ. ನಿಮ್ಮ ಕೂಟದವರೆಲ್ಲ ಒಂದೇ ಒಕ್ಕಣೆ ಹಾಕಿದ್ದಕ್ಕೆ ಸೈಟೇ ಹಿಡಿದು ಹಾಕಿದೆ. ನಾನು ಹೇಳಿದರೆ ನೀನು ಕೇಳಬೇಕಲ್ಲ.

ಅಖ್ತರಿ ಬಾಗಿಲ ಮೇಲಿನ ಕೈ ಇಳಿಸಿದಳು. ಜಾಗ ಮಾತ್ರ ಬಿಡಲಿಲ್ಲ.

“ಕೂಸ,” ಎಂದಳು ಗುರುಶಾಂತವ್ವ, ಅಖ್ತರಿಯ ಭುಜದ ಮೇಲಿಂದ. “ನಾ ಬರದಿದ್ದು ಪುಸ್ತಕಕ್ಕ. ನಿನಗಲ್ಲ. ಆದ್ರ ಓರ್ಸಾನ್ನ ಯಾಕ ಹಂಗ ಮಾಡಿದಿ? ಅಂಥಾ ಹೆಣಮಗಳನ್ನ! ನನಗ ಎಷ್ಟು ಹೊಟ್ಟಿ ಉರೀತು ಅಂದ್ರ...”

ಫಲಕ್ ಅವಳನ್ನೇ ವಿಚಿತ್ರವಾಗಿ ನೋಡಿದಳು. “ಆಂಟಿ, ನಿಮಗೆ ನಿಜವಾಗ್ಲೂ ಗೊತ್ತಿಲ್ವಾ?” ಅಂದಳು ಕನ್ನಡದಲ್ಲಿ. “ಓರ್ಸಾ ಅಂದ್ರೆ ನೀವೇ.”

“ನಾ?”

“ಬಾಗಿಲು ಹಾಕು, ಗಾಳಿ ಹೋಗ್ತಿದೆ. ಹಾಗೆ ಬೇರೆ ಯಾರು ಬೈತಾರೆ?”

ಗುರುಶಾಂತವ್ವನ ಕೈಯಲ್ಲಿದ್ದ ಡಬ್ಬಿ ವಾಲಿತು. ಆ ಸಾಲು ಓದಿ ಊಟ ಬಿಟ್ಟು ಅತ್ತವಳು ಅವಳು. “ನಾ ಅಷ್ಟು ಕೆಟ್ಟ ಮಾತಾಡ್ತೀನೇನು?” ಎಂದಳು ಕೊನೆಗೆ.

“ಅದಕ್ಕಿಂತ ಜಾಸ್ತಿ,” ಎಂದಳು ಅಖ್ತರಿ, ಸಿಟ್ಟಿನ ನಡುವೆಯೇ.

ಆಮೇಲೆ ಫಲಕ್ ನಿಂತಲ್ಲೇ ಹೇಳಿದಳು, ಇಂಗ್ಲಿಷಿನಲ್ಲಿ, ತಡೆತಡೆದು. ಮೊದಲ ಪುಸ್ತಕ ಬಂದು ತಿಂಗಳೆರಡಾಗಿತ್ತು. ಓರ್ಸಾ ಗಾಳಿಯಿಲ್ಲದೆ ಸತ್ತದ್ದನ್ನು ಓದಿ ಊರೆಲ್ಲ ಹೊಗಳುತ್ತಿತ್ತು. ಆಗ ಅಂಕಲ್ ಫೋನ್ ಮಾಡಿದರು, ಆಂಟಿಗೆ ಉಸಿರು ಸಿಗುತ್ತಿಲ್ಲ, ಆಕ್ಸಿಜನ್ ಹಾಕಿದ್ದಾರೆ ಎಂದು. ಅಮ್ಮಿಯೂ ನಾನೂ ಸ್ಯಾನ್ ಡಿಯೇಗೋಕ್ಕೆ ಓಡಿ ಬಂದೆವು. ಒಳಗೆ ಬಿಡಲಿಲ್ಲ. ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ನಿಂತು, ನಿಮ್ಮ ಕಿಟಕಿ ಯಾವುದಿರಬಹುದೆಂದು ನೋಡುತ್ತಿದ್ದೆವು. ನಾನು ಮಾಡಿದ್ದು ಇದು ಅನ್ನಿಸಿತು. ಒಂದು ಒಳ್ಳೆಯ ಕೊನೆಯ ಪುಟಕ್ಕಾಗಿ ನಿಮ್ಮ ಉಸಿರು ಕಸಿದುಬಿಟ್ಟೆ ಅನ್ನಿಸಿತು. ಹುಚ್ಚು ಅಂತ ಗೊತ್ತು. ಆದರೂ ಅಲ್ಲೇ ಹರಕೆ ಹೊತ್ತೆ. ನೀವು ಮನೆಗೆ ಬಂದರೆ ಅವಳನ್ನೂ ಬದುಕಿಸುತ್ತೇನೆ ಎಂದು. ಬದುಕಿಸಿದ ಮೇಲೆ ಅವಳ ಬಾಯಿಂದ ಒಂದು ಬೈಗುಳ ಬರೆಯಲೂ ಕೈ ಬರಲಿಲ್ಲ. ಹೆದರಿಕೆ. ಎಲ್ಲಿ ಏನಾಗುತ್ತದೋ ಎಂದು.

“ನಿಮ್ಮ ರಿವ್ಯೂ ಓದಿದಾಗ,” ಎಂದು ಮತ್ತೆ ಕನ್ನಡಕ್ಕೆ ಬಂದು ಮೂಗು ಒರೆಸಿಕೊಂಡಳು, “ಎರಡು ವರ್ಷ ಆದ್ಮೇಲೆ ಫಸ್ಟ್ ಟೈಮ್ ನಂಗೆ ಓರ್ಸಾ ಮಾತಾಡಿದ ಹಾಗೆ ಕೇಳಿಸ್ತು.”

ಅಖ್ತರಿ ಮಗಳ ಕಡೆ ತಿರುಗಿ ನಿಂತುಬಿಟ್ಟಿದ್ದಳು. ಪಾರ್ಕಿಂಗ್ ಲಾಟಿನಲ್ಲಿ ಪಕ್ಕದಲ್ಲೇ ನಿಂತವಳಿಗೂ ಈ ಹರಕೆಯ ವಿಷಯ ಗೊತ್ತಿರಲಿಲ್ಲ.

‘ಇದನ್ನು ಬರೆದವಳಿಗೆ ಓರ್ಸಾಳ ಮೇಲೆ ಗೌರವವಿಲ್ಲ.’ ಗುರುಶಾಂತವ್ವನಿಗೆ ತನ್ನದೇ ಸಾಲು ಬಾಯಿಯೊಳಗೆ ಕಹಿಯಾಗಿ ಬಂತು. “ಥೂ” ಅಂದಳು. ಈ ಸಲದ್ದು ಯಾರಿಗೂ ಅಲ್ಲ, ಅವಳಿಗೇ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಅವಳಿಗೆ ಬರುವ ಒಂದೇ ದನಿಯಲ್ಲಿ ಬೈಯಲು ಶುರುಮಾಡಿದಳು.

“ಹುಚ್ಚಿ! ಆಕಿ ಸತ್ಲು ಅಂತ ನನಗ ಜಡ್ಡು ಬಂತೇನು? ಆಕಿನ್ನ ಬದಕಿಸಿದಿ ಅಂತ ನಾ ಎದ್ದು ಬಂದ್ನೇನು? ನಾ ಬದಕಿದ್ದು ಡಾಕ್ಟರ್ ಮಂದಿಯಿಂದ, ನಿಮ್ಮ ಅಂಕಲ್‌ನ ಪೂಜಿಯಿಂದ, ಆ ಹೊಲಸು ಗಂಜಿ ತಿಂದು ಸಾಯಬಾರದು ಅನ್ನೋ ಹಟದಿಂದ. ಕೇಳಿಲ್ಲಿ. ನಾ ಬದಕೇನಿ. ಇನ್ನ ಆಕಿನ್ನ ಬಿಡು. ಮೂರನೇದು ಬರಿ. ಅದರಾಗ ಆಕಿನ್ನ ಛಲೋತ್ನಂಗ ಸಾಯಸು. ಸೂಪು ಬ್ಯಾಡ, ಭಾಷಣ ಬ್ಯಾಡ. ಬೈಕೋತ ಸಾಯ್ಲಿ.”

ಫಲಕ್ ಅಳುತ್ತಲೇ ನಕ್ಕಳು. “ಮತ್ತೆ ಆ ಎರಡು ಸ್ಟಾರ್?”

ಇದು ಪ್ರಶ್ನೆ. ಗುರುಶಾಂತವ್ವ ಹುಡುಗಿಯನ್ನು ನೋಡಿದಳು, ಅವಳ ತಾಯಿಯನ್ನು ನೋಡಿದಳು. ಬಿಸಿಲಿಗೆ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು.

“ಗೌರವ ಇಲ್ಲ ಅನ್ನೋ ಸಾಲು ಸುಳ್ಳು. ಅದನ್ನ ತಗೀತೀನಿ,” ಎಂದಳು. “ಸ್ಟಾರ್ ಎರಡೇ.”

ಒಳಗೆ ಎಸಿ ಗ್ಯಾರೇಜಿನವರೆಗೂ ಕೇಳುವಂತೆ ಗೊರಗೊರ ಅನ್ನುತ್ತಿತ್ತು. ಅಖ್ತರಿ ಗೆಳತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಅವಳ ಕೈಯಿಂದ ಹೋಳಿಗೆ ಡಬ್ಬಿಯನ್ನು ಕಿತ್ತುಕೊಂಡಳು, ಬೆನ್ನು ತಿರುಗಿಸಿ ಅಡುಗೆಮನೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಗುರುಶಾಂತವ್ವ ಹೊಸ್ತಿಲ ಆಚೆಯೇ ನಿಂತಿದ್ದಳು. ಒಳಗೆ ಸ್ಟೂಲ್ ಎಳೆದ ಸದ್ದು, ಮೇಲಿನ ಹಲಗೆಯಿಂದ ಸ್ಟೀಲ್ ಪಾತ್ರೆಯೊಂದನ್ನು ಇಳಿಸಿದ ಸದ್ದು. ಆಮೇಲೆ ಅಖ್ತರಿಯ ದನಿ ಬಂತು. ಇನ್ನೂ ಸಿಟ್ಟು ಇಳಿದಿರಲಿಲ್ಲ.

“ಅಲ್ಲೇ ಯಾಕೆ ನಿಂತಿದೀಯಾ? ಬಾಗಿಲು ಹಾಕು ಗುರಕ್ಕ. ಗಾಳಿ ಎಲ್ಲ ಹೊರಗೆ ಹೋಗ್ತಿದೆ.”

ಗುರುಶಾಂತವ್ವ ಚಪ್ಪಲಿ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿದಳು.